ಕಣ್ಣಂಚಿನ ನೋಟದಿಂದ ಮನಸ್ಸಿನ ಬಿಗಿತ ಸಡಿಲವಾಗುವುದೇ?

ಪ್ರಶ್ನೆ: ನನಗೆ 47 ವರ್ಷ. ದಾವಣಗೆರೆಯ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮಾರ್ಚ್ ಬಂತೆಂದರೆ ಆಡಿಟ್ ಮುಗಿಯುವವರೆಗೂ ದಿನವಿಡೀ ಕಂಪ್ಯೂಟರ್ ಪರದೆಗೆ ಕಣ್ಣು ನೆಟ್ಟಿರಬೇಕು. ಸಂಜೆಯ ಹೊತ್ತಿಗೆ ಎದೆ ಬಿಗಿದಂತಾಗುತ್ತದೆ, ಕುತ್ತಿಗೆ ಸೆಟೆದುಕೊಳ್ಳುತ್ತದೆ. ಪಕ್ಕದಲ್ಲಿ ಯಾರಾದರೂ ಬಂದು ನಿಂತು ಮಾತನಾಡಿಸಿದರೆ ಬೆಚ್ಚಿಬೀಳುತ್ತೇನೆ. ನೇರವಾಗಿ ನೋಡುತ್ತಲೇ ಎರಡೂ ಬದಿಯನ್ನು ಗಮನಿಸಿದರೆ ಪ್ಯಾರಾಸಿಂಪಥೆಟಿಕ್ ನರಗಳು ಕೂಡಲೇ ಚುರುಕಾಗಿ ಮನಸ್ಸು ಶಾಂತವಾಗುತ್ತದೆ ಎಂದು ವಿಡಿಯೋ ಒಂದರಲ್ಲಿ ಹೇಳಿದ್ದರು. ಮಾಡಿ ನೋಡಿದೆ. ಒಮ್ಮೊಮ್ಮೆ ಹಾಯೆನಿಸುತ್ತದೆ, ಒಮ್ಮೊಮ್ಮೆ ತಲೆ ಸುತ್ತಿದಂತಾಗುತ್ತದೆ. ನಾನು ಪ್ರೋಗ್ರೆಸಿವ್ ಕನ್ನಡಕ ಹಾಕುತ್ತೇನೆ. ಇದರಲ್ಲಿ ನಿಜವೆಷ್ಟು? ಸ್ಕೂಟರ್ ಓಡಿಸುವಾಗಲೂ ಮಾಡಬಹುದೇ? ಅಂದಹಾಗೆ, ನಮ್ಮ ತಂದೆಗೆ ಗ್ಲಾಕೋಮಾ ಇತ್ತು.

ಉತ್ತರ: ಅಭ್ಯಾಸ ಒಳ್ಳೆಯದೇ. ದಿನವಿಡೀ ಪರದೆಯ ಮುಂದೆ ಕೂರುವ ರೋಗಿಗಳಿಗೆ ನಾನೂ ಇದನ್ನು ಹೇಳಿಕೊಡುತ್ತೇನೆ. ಆದರೆ ವಿಡಿಯೋ ಕೊಟ್ಟ ಕಾರಣ ಸರಿಯಿಲ್ಲ. ಕಾರಣವನ್ನು ತಪ್ಪಾಗಿ ತಿಳಿದವರು ಮಾಡುವ ಕ್ರಮದಲ್ಲೂ ಎಡವುತ್ತಾರೆ. ನಿಮ್ಮ ತಲೆಸುತ್ತಿಗೆ ಬಹುಮಟ್ಟಿಗೆ ಕನ್ನಡಕವೇ ಕಾರಣವಿರಬೇಕು. ಇನ್ನು, ತಂದೆಯವರ ಗ್ಲಾಕೋಮಾವನ್ನು, ಅಂದರೆ ದೃಷ್ಟಿನರವನ್ನು ಹಾಳುಮಾಡುವ ಆ ಕಾಯಿಲೆಯನ್ನು, ನೀವು ಅಂದಹಾಗೆ ಎಂದು ಕೊನೆಯಲ್ಲಿ ಸೇರಿಸಿದ್ದೀರಿ. ಕಣ್ಣಿನ ವೈದ್ಯೆಯಾದ ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆ ಸಾಲೇ. ಅಲ್ಲಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಈ ಪುಟದ ಯಾವುದಾದರೂ ಒಂದು ಪದದ ಮೇಲೆ ಕಣ್ಣು ನಿಲ್ಲಿಸಿ. ಕಣ್ಣು ಕದಲಿಸದೆ, ನಾಲ್ಕು ಸಾಲು ಕೆಳಗಿರುವ ಪದವನ್ನು ಓದಲು ಪ್ರಯತ್ನಿಸಿ. ಅಲ್ಲಿ ಅಕ್ಷರಗಳಿವೆ ಎಂದು ಗೊತ್ತಾಗುತ್ತದೆ, ಒತ್ತಕ್ಷರಗಳು ಇಳಿಬಿದ್ದಿರುವುದೂ ಗೊತ್ತಾಗುತ್ತದೆ, ಆದರೆ ಪದ ಮಾತ್ರ ಕೈಗೆ ಸಿಗುವುದಿಲ್ಲ. ಅಕ್ಷರಗಳೆಲ್ಲ ಒಂದರೊಳಗೊಂದು ನುಗ್ಗಿದಂತೆ ಕಾಣುತ್ತವೆ. ನಮ್ಮ ಸ್ಪಷ್ಟ ನೋಟ ಅಷ್ಟು ಕಿರಿದು. ಕಣ್ಣಿನ ಒಳಗೆ ಹಿಂಬದಿಯಲ್ಲಿರುವ, ಬೆಳಕಿಗೆ ಸ್ಪಂದಿಸುವ ಪದರವಾದ ಅಕ್ಷಿಪಟಲದ ನಡುವೆ ಫೋವಿಯಾ ಎಂಬ ಸುಮಾರು 1.5 ಮಿಲಿಮೀಟರ್ ಅಗಲದ ಒಂದು ತಗ್ಗು ಇದೆ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲವೂ ನಡೆಯುವುದು ಅಲ್ಲಿಂದ. ಕೈಯನ್ನು ಪೂರ್ತಿ ಮುಂದೆ ಚಾಚಿ ಹೆಬ್ಬೆರಳನ್ನು ನೋಡಿದರೆ, ಆ ಬೆರಳಿನ ಅಗಲ ನೋಟದ ಸುಮಾರು 2 ಡಿಗ್ರಿಯಷ್ಟಾಗುತ್ತದೆ. ನಿಜವಾಗಿ ಚೊಕ್ಕವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟು ಜಾಗ ಮಾತ್ರ.

ಉಳಿದದ್ದೆಲ್ಲ ಅಂಚಿನ ನೋಟ, ಮತ್ತು ಅದು ವಿಶಾಲವಾದದ್ದು. ಒಂದು ಕಣ್ಣು ಕಿವಿಯ ಬದಿಗೆ 90 ಡಿಗ್ರಿಗಿಂತ ತುಸು ಆಚೆಗೂ, ಮೂಗಿನ ಬದಿಗೂ ಮೇಲಕ್ಕೂ ಸುಮಾರು 60 ಡಿಗ್ರಿಯವರೆಗೂ, ಕೆಳಕ್ಕೆ 70 ಡಿಗ್ರಿಯವರೆಗೂ ನೋಡಬಲ್ಲದು. ಎರಡೂ ಕಣ್ಣು ಸೇರಿದರೆ ಅಡ್ಡಗಲ 180 ಡಿಗ್ರಿಯನ್ನೂ ದಾಟುತ್ತದೆ. ಈ ಅಂಚಿಗೆ ಓದಲು ಬಾರದು, ಬಣ್ಣವೂ ಅಷ್ಟಾಗಿ ತಿಳಿಯದು. ಆದರೆ ಚಲನೆಯನ್ನು ಚೆನ್ನಾಗಿ ಹಿಡಿಯುತ್ತದೆ, ಮಬ್ಬು ಬೆಳಕಿನಲ್ಲೂ ಕೆಲಸ ಮಾಡುತ್ತದೆ. ಕಣ್ಣಿನಲ್ಲಿ ಬಣ್ಣ ಮತ್ತು ಸೂಕ್ಷ್ಮ ವಿವರ ನೋಡುವ ಶಂಕು ಕೋಶಗಳು ಸುಮಾರು 60 ಲಕ್ಷವಿದ್ದರೆ, ಮಬ್ಬು ಬೆಳಕಿಗೆ ಸ್ಪಂದಿಸುವ ಸರಳು ಕೋಶಗಳು ಸುಮಾರು 12 ಕೋಟಿಯಷ್ಟಿವೆ. ಫೋವಿಯಾದ ನಟ್ಟನಡುವೆ ಮಾತ್ರ ಸರಳು ಕೋಶಗಳೇ ಇಲ್ಲ. ಕೃತ್ತಿಕಾ ನಕ್ಷತ್ರಪುಂಜವನ್ನು ನೇರ ದಿಟ್ಟಿಸುವುದಕ್ಕಿಂತ ತುಸು ಪಕ್ಕಕ್ಕೆ ಕಣ್ಣಿಟ್ಟು ನೋಡಿದರೆ ಹೆಚ್ಚು ಚುಕ್ಕಿಗಳು ಕಾಣುವುದು ಇದರಿಂದಲೇ.

ಒತ್ತಡದಲ್ಲಿರುವಾಗ ಈ ಅಗಲ ಕುಗ್ಗುತ್ತದೆ ಎನ್ನುತ್ತಾರಲ್ಲ, ಕುಗ್ಗುವುದು ಏನು? ಅಕ್ಷಿಪಟಲವಂತೂ ಅಲ್ಲ. ಆಡಿಟ್ ದಿನವೂ ಭಾನುವಾರವೂ ನಿಮ್ಮ ಕಣ್ಣಿಗೆ ಬೀಳುವ ಬೆಳಕಿನ ಹರವು ಒಂದೇ. ಕುಗ್ಗುವುದು ಗಮನ. ಕಣ್ಣು ಒಂದೆಡೆ ಇದ್ದು ಗಮನ ಬೇರೆಡೆ ಇರಬಲ್ಲದು ಎಂಬುದನ್ನು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ತೋರಿಸಿದ್ದ. ಕತ್ತಲೆಯಲ್ಲಿ ಅಕ್ಷರಗಳ ಹಾಳೆಯ ಮುಂದೆ ಕುಳಿತು, ದೃಷ್ಟಿಯನ್ನು ನಡುವಿನ ಬಿಂದುವಿನಲ್ಲೇ ಇಟ್ಟು, ಗಮನವನ್ನು ಮಾತ್ರ ಒಂದು ಮೂಲೆಗೆ ಹರಿಸುತ್ತಿದ್ದ. ಕ್ಷಣಮಾತ್ರ ಕಿಡಿಯ ಬೆಳಕು ಹೊಳೆದಾಗ ಅವನಿಗೆ ಓದಲು ಸಿಗುತ್ತಿದ್ದದ್ದು ಗಮನವಿಟ್ಟ ಮೂಲೆಯ ಅಕ್ಷರಗಳೇ.

ಉದ್ವೇಗ ಹೆಚ್ಚಿದಷ್ಟೂ ಮನಸ್ಸು ಗಣನೆಗೆ ತೆಗೆದುಕೊಳ್ಳುವ ಸುಳಿವುಗಳ ವ್ಯಾಪ್ತಿ ಕಿರಿದಾಗುತ್ತದೆ ಎಂದು ಮನೋವಿಜ್ಞಾನಿ ಈಸ್ಟರ್‌ಬ್ರೂಕ್ 1959ರಲ್ಲಿ ವಾದಿಸಿದರು. 1987ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು ಹೋಟೆಲೊಂದರ ದೃಶ್ಯದ ಸ್ಲೈಡ್‌ಗಳನ್ನು ಜನರಿಗೆ ತೋರಿಸಿದರು. ಒಂದು ಗುಂಪು ನೋಡಿದ ಸ್ಲೈಡ್‌ನಲ್ಲಿ ಗಿರಾಕಿಯ ಕೈಯಲ್ಲಿ ಚೆಕ್, ಇನ್ನೊಂದರಲ್ಲಿ ಪಿಸ್ತೂಲು. ಪಿಸ್ತೂಲು ಕಂಡವರ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗಿ ಹೆಚ್ಚು ಹೊತ್ತು ನಿಂತಿತು, ಹಿಡಿದವನ ಚಹರೆ ಅವರಿಗೆ ಅಷ್ಟಾಗಿ ನೆನಪುಳಿಯಲಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾದದ್ದು. ಚಿತ್ರದ ನಡುವೆ ಒಂದು ಮುಖ, ಸುತ್ತ ಒಂದು ಮನೆ. ಮುಖವನ್ನಷ್ಟೇ ಗಮನಿಸಿ ಎಂದು ಹೇಳಲಾಗಿತ್ತು. ಪ್ರಸನ್ನ ಮನಃಸ್ಥಿತಿಯಲ್ಲಿದ್ದವರ ಮೆದುಳು ಸುತ್ತಲಿನ ಮನೆಯನ್ನೂ ಒಳಕ್ಕೆ ಬಿಟ್ಟುಕೊಂಡಿತು. ಖಿನ್ನ ಮನಃಸ್ಥಿತಿಯಲ್ಲಿ ಆ ಬಾಗಿಲು ಕಿರಿದಾಯಿತು.

ನೀವು ಬೆಚ್ಚಿಬೀಳುವುದರ ಅರ್ಥ ಈಗ ತಿಳಿಯಬಹುದು. ಸಹೋದ್ಯೋಗಿ ನಡೆದು ಬರುವುದನ್ನು ನಿಮ್ಮ ಕಣ್ಣು ನೋಡಿಯೇ ಇತ್ತು. ತಾಳೆಯಾಗದ ಒಂದು ಅಂಕಿಯ ಸುತ್ತ ಗಮನ ಬಿಗಿದು ಕೂತಿದ್ದರಿಂದ ಆ ಸುದ್ದಿ ಒಳಗೆ ತಲುಪಲಿಲ್ಲ. ತಲುಪಿದ್ದು ಅವರು ಬಾಯಿ ತೆರೆದ ಮೇಲೆ.

ಈಗ ಪ್ಯಾರಾಸಿಂಪಥೆಟಿಕ್ ಮಾತಿಗೆ ಬರೋಣ. ದೇಹವನ್ನು ಹುರಿಗೊಳಿಸುವುದು ಸಿಂಪಥೆಟಿಕ್ ನರಗಳು, ವಿಶ್ರಾಂತಿಗೆ ಇಳಿಸುವುದು ಪ್ಯಾರಾಸಿಂಪಥೆಟಿಕ್ ನರಗಳು ಎಂಬುದು ಸ್ಥೂಲವಾಗಿ ನಿಜ. ಅದನ್ನೇ ಹಿಡಿದುಕೊಂಡು, ಹತ್ತಿರ ದಿಟ್ಟಿಸಿದರೆ ಮೊದಲನೆಯದು, ಅಗಲವಾಗಿ ನೋಡಿದರೆ ಎರಡನೆಯದು ಎಂದು ಗುಂಡಿ ಒತ್ತಿದಷ್ಟು ಸುಲಭವಾಗಿ ಹೇಳಿಬಿಡುತ್ತಾರೆ. ಕಣ್ಣಿನೊಳಗಿನ ವ್ಯವಸ್ಥೆ ಹಾಗಿಲ್ಲ. ಹತ್ತಿರದ ವಸ್ತುವನ್ನು ನೋಡುವಾಗ ಮಸೂರವನ್ನು ಉಬ್ಬಿಸುವ ಸಿಲಿಯರಿ ಸ್ನಾಯುವಿಗೂ, ಪಾಪೆಯನ್ನು ಕಿರಿದಾಗಿಸುವ ಸ್ನಾಯುವಿಗೂ ಆಜ್ಞೆ ಹೋಗುವುದು ಪ್ಯಾರಾಸಿಂಪಥೆಟಿಕ್ ನರಗಳಿಂದಲೇ. ಭಯದಲ್ಲಿ ಪಾಪೆ ಹಿಗ್ಗುವುದು ಸಿಂಪಥೆಟಿಕ್ ನರಗಳಿಂದ. ವಿಡಿಯೋದ ಲೆಕ್ಕ ನಿಜವಾಗಿದ್ದರೆ ಲೆಡ್ಜರ್ ನೋಡುತ್ತಾ ಕೂತವರಷ್ಟು ನೆಮ್ಮದಿಯ ಜನ ಬೇರೆ ಇರುತ್ತಿರಲಿಲ್ಲ.

ಅಗಲವಾದ ನೋಟ ಮತ್ತು ಶಾಂತಿ ಒಂದೇ ಅಲ್ಲ ಎನ್ನುವುದಕ್ಕೆ ಕಬಡ್ಡಿ ಅಂಕಣ ನೋಡಿ. ರೈಡರ್ ಎದುರಿನ ಆಟಗಾರನ ಮೇಲೆ ಕಣ್ಣಿಟ್ಟಿರುತ್ತಾನೆ, ಆದರೆ ಎರಡೂ ಕಾರ್ನರ್‌ಗಳಲ್ಲಿ ಯಾರು ಮುಂದೆ ಜಾರುತ್ತಿದ್ದಾರೆ, ಕವರ್‌ನಲ್ಲಿರುವವನು ಯಾವಾಗ ನುಗ್ಗಬಹುದು ಎಂಬುದೆಲ್ಲ ಅವನಿಗೆ ಕಣ್ಣಂಚಿನಲ್ಲೇ ತಿಳಿಯಬೇಕು. ಇರುವುದು 30 ಸೆಕೆಂಡು. ನೋಟ ಪೂರ್ತಿ ಅಗಲ, ಎದೆಬಡಿತ ಪೂರ್ತಿ ಜೋರು. ಅಲ್ಲಿ ಶಾಂತಿಯಿಲ್ಲ, ಇರಬೇಕಾಗಿಯೂ ಇಲ್ಲ.

ಹಾಗಾದರೆ ನಿಮಗೆ ಹಾಯೆನಿಸಿದ್ದು ಸುಳ್ಳೇ? ಖಂಡಿತ ಅಲ್ಲ. ಚಿಂತೆ ನಡೆಯುವುದು ಬಹುಪಾಲು ಒಳಗಿನ ಮಾತಿನಲ್ಲಿ, ಆ ಮಾತಿಗೆ ಗಮನ ಬೇಕು. ಎಡದ ಕಿಟಕಿ, ಬಲದ ಬೀರು, ಮೇಲಿನ ಫ್ಯಾನು, ಕೆಳಗೆ ನಿಮ್ಮದೇ ಮಂಡಿ, ಇವೆಲ್ಲವನ್ನೂ ಒಟ್ಟಿಗೆ ಗಮನದಲ್ಲಿ ಇಟ್ಟುಕೊಳ್ಳಲು ಹೊರಟಾಗ ಒಳಗಿನ ಮಾತಿಗೆ ಉಳಿಯುವ ಜಾಗ ಕಡಿಮೆ. ಜೊತೆಗೆ, ಪರದೆಯಿಂದ ಕಣ್ಣೆತ್ತಿ ಆರು ಮೀಟರಿಗಿಂತ ದೂರ ನೋಡಿದಾಗ ಸಿಲಿಯರಿ ಸ್ನಾಯು ಸಡಿಲವಾಗುತ್ತದೆ, ಮೂಗಿನ ಕಡೆಗೆ ವಾಲಿದ್ದ ಎರಡೂ ಕಣ್ಣುಗಳು ನೇರವಾಗುತ್ತವೆ. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದರ ಆಸುಪಾಸಿನಲ್ಲಿರುವ ರೆಪ್ಪೆಬಡಿತ ಪರದೆಯ ಮುಂದೆ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿರುತ್ತದೆ, ಅದೂ ಮರಳುತ್ತದೆ. ಕಣ್ಣಿನ ಉರಿ, ಹಣೆಯ ಭಾರ ಇಳಿಯುವುದು ಇದರಿಂದ.

ಹೃದಯವನ್ನು ನಿಧಾನಗೊಳಿಸುವ ಕೆಲಸ ಉಸಿರಿನದು. ಉಸಿರು ಒಳಗೆಳೆದಾಗ ಎದೆಬಡಿತ ತುಸು ಏರುತ್ತದೆ, ಬಿಟ್ಟಾಗ ಹೃದಯಕ್ಕೆ ಹೋಗುವ ಪ್ಯಾರಾಸಿಂಪಥೆಟಿಕ್ ನರವಾದ ವೇಗಸ್ ಮೂಲಕ ಇಳಿಯುತ್ತದೆ. ನಿಮಿಷಕ್ಕೆ ಆರರ ಸುಮಾರಿಗೆ ಉಸಿರಾಟವನ್ನು ನಿಧಾನಿಸಿದರೆ ಈ ಏರಿಳಿತ ಹೆಚ್ಚುತ್ತದೆ ಎಂಬುದು ಹಲವು ಬಾರಿ ಅಳೆದು ನೋಡಿದ ಸಂಗತಿ. ಕಣ್ಣಂಚಿನ ನೋಟವೊಂದರಿಂದಲೇ ಹೃದಯಬಡಿತ ಇಳಿಯುತ್ತದೆ ಎನ್ನುವುದಕ್ಕೆ ಅಂಥ ಗಟ್ಟಿ ಆಧಾರವಿಲ್ಲ. ಆದ್ದರಿಂದ ನಾನು ಎರಡನ್ನೂ ಸೇರಿಸಿಯೇ ಹೇಳಿಕೊಡುತ್ತೇನೆ: ಬಿಗಿದ ಗಮನವನ್ನು ಬಿಡಿಸಲು ನೋಟ, ದೇಹವನ್ನು ಇಳಿಸಲು ದೀರ್ಘ ನಿಶ್ವಾಸ. ನಿಮಗೆ ಒಮ್ಮೊಮ್ಮೆ ಮಾತ್ರ ಹಿತವೆನಿಸುವುದಕ್ಕೆ ಕಾರಣ, ಉಸಿರು ತಾನಾಗಿ ಜೊತೆಗೂಡಿದ ದಿನ ಫಲ ಕಾಣುತ್ತದೆ, ಉಸಿರು ಬಿಗಿಹಿಡಿದ ದಿನ ಕಾಣುವುದಿಲ್ಲ ಎಂಬುದಿರಬೇಕು.

ಮಾಡುವುದು ಹೀಗೆ. ಹೊರರೋಗಿ ವಿಭಾಗದಲ್ಲಿ ನಾವು ರೋಗಿಯ ಎದುರು ಕುಳಿತು, ನನ್ನ ಮೂಗು ನೋಡುತ್ತಿರಿ ಎಂದು ಹೇಳಿ, ಬದಿಯಲ್ಲಿ ಬೆರಳು ಆಡಿಸಿ, ಕಂಡಿತೇ ಎಂದು ಕೇಳುತ್ತೇವೆ. ಅದನ್ನೇ ನೀವು ನಿಮಗೆ ಮಾಡಿಕೊಳ್ಳಿ. ಪರದೆಗೆ ಬೆನ್ನು ಹಾಕಿ, ಕಿಟಕಿಯ ಕಡೆಗೋ ಪಡಸಾಲೆಯಿಂದ ಹೊರಕ್ಕೋ ಮುಖಮಾಡಿ ಕುಳಿತುಕೊಳ್ಳಿ. ಕನ್ನಡಕ ತೆಗೆದಿಡಿ. ದೂರದ ಒಂದು ಜಾಗವನ್ನು ಆರಿಸಿಕೊಳ್ಳಿ: ಎದುರು ಮನೆಯ ನೀರಿನ ಟ್ಯಾಂಕ್, ತೆಂಗಿನ ಮರದ ಸುಳಿ, ಯಾವುದಾದರೂ ಸರಿ. ಎರಡೂ ಕೈಗಳನ್ನು ಮುಖದ ಮುಂದೆ ಚಾಚಿ ಬೆರಳುಗಳನ್ನು ಮೆಲ್ಲಗೆ ಆಡಿಸುತ್ತಾ ನಿಧಾನವಾಗಿ ಎರಡೂ ಬದಿಗೆ ಸರಿಸಿ. ಕಣ್ಣು ಟ್ಯಾಂಕಿನ ಮೇಲೇ ಇರಲಿ. ಬೆರಳುಗಳ ಆಕಾರ ಕರಗಿ, ಏನೋ ಅಲುಗಾಡುತ್ತಿದೆ ಎಂಬಷ್ಟೇ ಉಳಿಯುವ ಒಂದು ಹಂತ ಬರುತ್ತದೆ, ಸುಮಾರಾಗಿ ಕೈಗಳು ಕಿವಿಯ ನೇರಕ್ಕೆ ಬಂದಾಗ. ಅಲ್ಲಿ ಕೈಗಳನ್ನು ತೊಡೆಯ ಮೇಲೆ ಇಳಿಸಿ. ಬೆರಳುಗಳಿದ್ದ ಆ ಎರಡು ಜಾಗಗಳನ್ನು ಮಾತ್ರ ಗಮನದಿಂದ ಬಿಡಬೇಡಿ. ಆಮೇಲೆ ಮೇಲಿನ ಸೂರಿನ ಅಂಚನ್ನೂ ಕೆಳಗಿನ ನೆಲವನ್ನೂ ಸೇರಿಸಿಕೊಳ್ಳಿ. ಮೂಗಿನಿಂದ ಸಹಜವಾಗಿ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡಿ. ಒಂದೆರಡು ನಿಮಿಷ ಸಾಕು. ದಿನಕ್ಕೊಮ್ಮೆ ಅರ್ಧ ಗಂಟೆ ಕೂರುವುದಕ್ಕಿಂತ, ಗಂಟೆಗೊಮ್ಮೆ ಒಂದು ನಿಮಿಷ ಕಣ್ಣೆತ್ತುವುದು ನಿಮ್ಮಂಥ ಕೆಲಸದವರಿಗೆ ಹೆಚ್ಚು ಉಪಯುಕ್ತ.

ಎಲ್ಲರೂ ಮೊದಲಿಗೆ ಮಾಡುವ ತಪ್ಪು ಕಣ್ಣನ್ನು ಅರಳಿಸುವುದು. ಹುಬ್ಬು ಮೇಲೇರುತ್ತದೆ, ಹಣೆ ಸುಕ್ಕುಗಟ್ಟುತ್ತದೆ, ದವಡೆ ಬಿಗಿಯುತ್ತದೆ. ರೆಪ್ಪೆಯನ್ನು ಎಷ್ಟು ಅಗಲಿಸಿದರೂ ಬದಿಗಳು ಹೆಚ್ಚಾಗಿ ಕಾಣುವುದಿಲ್ಲ. ಮುಖ ಸಡಿಲವಿರಲಿ. ಇನ್ನೊಂದು, ರೆಪ್ಪೆ ಬಡಿಯದೆ ನೋಡುವುದು. ಹಾಗೆ ಮಾಡಿದರೆ ಅಂಚಿನಲ್ಲಿರುವುದು ತಾನಾಗಿ ಅಳಿಸಿಹೋಗುತ್ತದೆ. ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್‌ಲರ್ 1804ರಲ್ಲೇ ಗುರುತಿಸಿದ ವಿದ್ಯಮಾನವಿದು: ಒಂದೇ ಬಿಂದುವಿನಲ್ಲಿ ದೃಷ್ಟಿ ನಟ್ಟರೆ ಸುತ್ತಲಿನ ಕದಲದ ವಸ್ತುಗಳು ಕೆಲವೇ ಕ್ಷಣಗಳಲ್ಲಿ ಮಾಸುತ್ತವೆ. ಬದಲಾಗದ ಪ್ರಚೋದನೆಗೆ ನರಕೋಶಗಳು ಸ್ಪಂದಿಸುವುದನ್ನು ನಿಲ್ಲಿಸುತ್ತವೆ, ಅಷ್ಟೇ. ಅದನ್ನು ಧ್ಯಾನದ ಅನುಭವವೆಂದು ಭಾವಿಸಿದವರೂ, ಕಣ್ಣು ಹೋಯಿತೆಂದು ಗಾಬರಿಯಾಗಿ ನನ್ನಲ್ಲಿಗೆ ಬಂದವರೂ ಇದ್ದಾರೆ. ರೆಪ್ಪೆ ಬಡಿದರೆ ಎಲ್ಲವೂ ಮರಳುತ್ತದೆ. ಗಾಳಿಗೆ ಅಲುಗುವ ಗರಿಯೋ ಪರದೆಯ ಬಟ್ಟೆಯೋ ಬದಿಯಲ್ಲಿದ್ದರೆ ಇನ್ನೂ ಒಳ್ಳೆಯದು, ಅಂಚಿಗೆ ಹಿಡಿದುಕೊಳ್ಳಲು ಒಂದು ಚಲನೆ ಸಿಗುತ್ತದೆ.

ಇದೂ ತ್ರಾಟಕವೂ ಒಂದೇ ಅಲ್ಲವೇ ಎಂದು ಅನೇಕರು ಕೇಳುತ್ತಾರೆ. ಹಠಯೋಗದ ಷಟ್ಕರ್ಮಗಳಲ್ಲಿ ಒಂದಾದ ತ್ರಾಟಕದಲ್ಲಿ ಒಂದು ಸಣ್ಣ ಗುರಿಯಲ್ಲಿ ದೃಷ್ಟಿಯನ್ನು ಕಣ್ಣೀರು ಬರುವವರೆಗೆ ನಿಲ್ಲಿಸುತ್ತಾರೆ. ಅದು ಏಕಾಗ್ರತೆಯ ಅಭ್ಯಾಸ, ದಿಕ್ಕೇ ಬೇರೆ. ಮೊದಲೇ ಒಂಬತ್ತು ಗಂಟೆ ಪರದೆಯನ್ನು ದಿಟ್ಟಿಸಿದವರಿಗೆ ಸಂಜೆ ಮತ್ತೊಂದು ದಿಟ್ಟಿಸುವಿಕೆ ಬೇಡ ಎಂಬುದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ಕನ್ನಡಕ. ಪ್ರೋಗ್ರೆಸಿವ್ ಮಸೂರದಲ್ಲಿ ಮೇಲೆ ದೂರದ ಪವರ್, ಕೆಳಗೆ ಓದುವ ಪವರ್, ನಡುವೆ ಎರಡನ್ನೂ ಜೋಡಿಸುವ ಒಂದು ಕಿರಿದಾದ ದಾರಿ. ಗೆರೆಯಿಲ್ಲದೆ ಪವರ್ ಬದಲಾಯಿಸಬೇಕಾದರೆ ಆ ದಾರಿಯ ಎರಡೂ ಪಕ್ಕದಲ್ಲಿ ಬಿಂಬ ತಿರುಚಿಕೊಳ್ಳುವುದು ಅನಿವಾರ್ಯ. ಎಷ್ಟೇ ದುಬಾರಿ ಮಸೂರವಾದರೂ ಅದನ್ನು ಕಡಿಮೆ ಮಾಡಬಹುದೇ ಹೊರತು ಇಲ್ಲವಾಗಿಸಲಾಗದು. ದಿನನಿತ್ಯ ಆ ಬದಿಗಳನ್ನು ಮೆದುಳು ಗಮನಕ್ಕೆ ತಾರದೆ ಬಿಟ್ಟಿರುತ್ತದೆ. ನೀವು ಬೇಕೆಂದೇ ಅಲ್ಲಿಗೆ ಗಮನ ಕೊಟ್ಟಾಗ, ತಲೆ ತುಸು ಅಲುಗಿದರೂ ನೆಲ ತೇಲಿದಂತೆ ಕಾಣುತ್ತದೆ. ತಲೆಸುತ್ತು ಅದರದ್ದು. ಕನ್ನಡಕ ತೆಗೆದರೆ ದೂರ ಮಸುಕಾಗಬಹುದು, ಆಗಲಿ. ಅಂಚಿನ ನೋಟಕ್ಕೆ ಸ್ಪಷ್ಟತೆ ಬೇಕಾಗಿಯೇ ಇಲ್ಲ. ಕನ್ನಡಕವಿಲ್ಲದೆಯೂ ತಲೆ ಸುತ್ತಿದರೆ ಅಭ್ಯಾಸ ನಿಲ್ಲಿಸಿ, ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಿ.

ಎಲ್ಲರಿಗೂ ಇದು ಒಗ್ಗುವುದಿಲ್ಲ ಎನ್ನುವುದನ್ನೂ ಹೇಳಬೇಕು. ಅಪಘಾತ, ಹಲ್ಲೆ ಇತ್ಯಾದಿ ಆಘಾತವನ್ನು ಅನುಭವಿಸಿದವರು ಅಂಚನ್ನು ಯಾವಾಗಲೂ ಕಾಯುತ್ತಲೇ ಇರುತ್ತಾರೆ, ಸಣ್ಣ ಚಲನೆಗೂ ಅವರ ದೇಹ ಎಚ್ಚರಗೊಳ್ಳುತ್ತದೆ. ಬದಿಗಳನ್ನು ಇನ್ನಷ್ಟು ಗಮನಿಸಿ ಎಂದರೆ ಅವರ ಕಾವಲು ಹೆಚ್ಚುತ್ತದೆ. ಆತಂಕ ಏರಿದಾಗ ಸುತ್ತಲಿನ ಲೋಕ ಅವಾಸ್ತವವೆನಿಸುವ ಅನುಭವ ಇರುವವರಿಗೂ ಚದುರಿದ ನೋಟ ಹಿಂಸೆಯಾಗಬಹುದು. ಅಂಥವರು ಕೈಯಲ್ಲಿ ಒಂದು ವಸ್ತು ಹಿಡಿದು ಅದರ ಅಂಚು, ತೂಕ, ತಣ್ಪನ್ನು ಗಮನಿಸುವುದು ಮೇಲು, ಮನೋವೈದ್ಯರ ಸಲಹೆ ಇನ್ನೂ ಮೇಲು. ನಿಮ್ಮ ಎದೆಬಿಗಿತದ ಬಗ್ಗೆಯೂ ಒಂದು ಮಾತು: ಮೆಟ್ಟಿಲು ಹತ್ತಿದಾಗ, ವೇಗವಾಗಿ ನಡೆದಾಗ ಅದು ಬರುತ್ತಿದ್ದರೆ, ಅಥವಾ ಎಡಗೈಗೆ, ದವಡೆಗೆ ಹರಡುತ್ತಿದ್ದರೆ, ಒತ್ತಡವೆಂದು ಕೈಬಿಡದೆ ಇಸಿಜಿ ಮಾಡಿಸಿ.

ಸ್ಕೂಟರ್ ಮೇಲೆ ಈ ಅಭ್ಯಾಸ ಬೇಡವೇ ಬೇಡ. ರಸ್ತೆಯಲ್ಲಿ ಅಂಚಿನ ನೋಟ ಬೇಕು ನಿಜ. ಒಂದೇ ನೋಟದಲ್ಲಿ ಗಮನ ಎಷ್ಟು ಅಗಲಕ್ಕೆ ಹರಡಬಲ್ಲದು ಎಂಬ ಅಳತೆ ಕಿರಿದಾದ ಹಿರಿಯ ಚಾಲಕರಲ್ಲಿ ಅಪಘಾತಗಳು ಹೆಚ್ಚು ಎಂದು ಅಮೆರಿಕದ ಕಾರ್ಲೀನ್ ಬಾಲ್, ಸಿಂಥಿಯಾ ಔಸ್ಲಿ ಅವರ ಸಂಶೋಧನೆ ತೋರಿಸಿದೆ. ಆದರೆ ಓಡಿಸುವಾಗ ಕಣ್ಣು ನಿಲ್ಲಬಾರದು. ಗುಂಡಿ, ಕನ್ನಡಿ, ಅಡ್ಡರಸ್ತೆ, ಮುಂದಿನ ಆಟೋದ ಚಕ್ರ ಎಂದು ಓಡಾಡುತ್ತಲೇ ಇರಬೇಕು, ಏಕೆಂದರೆ ಅಂಚು ಏನೋ ಬಂತು ಎಂದಷ್ಟೇ ಹೇಳುತ್ತದೆ, ಅದು ನಾಯಿಯೋ ಮಗುವೋ ಎಂದು ತಿಳಿಯಲು ನೇರ ನೋಟವೇ ಬೇಕು. ಸಂಘದಿಂದ ಹೊರಟಾಗ, ಕೀಲಿ ತಿರುಗಿಸುವ ಮುನ್ನ ಒಂದು ನಿಮಿಷ ನಿಂತು ಮಾಡಿಕೊಳ್ಳಿ. ಪರದೆಯ ಬಿಗಿತದಲ್ಲೇ ರಸ್ತೆಗೆ ಇಳಿಯುವುದಕ್ಕಿಂತ ಅದು ಕ್ಷೇಮ.

ಈಗ ತಂದೆಯವರ ವಿಷಯ. ಹೆತ್ತವರಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದರೆ ನಮಗೆ ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಈ ಕಾಯಿಲೆಯ ಸಾಮಾನ್ಯ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ. ನಡುವಿನ ನೋಟ ಕೊನೆಯವರೆಗೂ ಉಳಿದು, ಸುತ್ತಲಿನದು ವರ್ಷಗಟ್ಟಲೆ ಸದ್ದಿಲ್ಲದೆ ಸವೆಯುತ್ತದೆ. ಕಾಣದ ಜಾಗದಲ್ಲಿ ಕಪ್ಪು ಕಲೆ ಕಾಣುವುದಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚುತ್ತದೆ, ಉಳಿದ ತೇಪೆಯನ್ನು ಮೆದುಳು ಹಾಕುತ್ತದೆ. ಹೀಗಾಗಿ ಬೆರಳು ಎರಡೂ ಬದಿಯಲ್ಲಿ ಕಂಡಿತು, ನನಗೇನೂ ಇಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಗ್ಲಾಕೋಮಾದ ಆರಂಭದ ಹಾನಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಕಿವಿಯ ನೇರದಲ್ಲಿ ಅಲ್ಲ, ನಡುವಿನಿಂದ 30 ಡಿಗ್ರಿಯೊಳಗೆ. ಯಂತ್ರದಲ್ಲಿ ಮಾಡುವ ಫೀಲ್ಡ್ ಟೆಸ್ಟ್ ಹುಡುಕುವುದು ಆ ಜಾಗವನ್ನೇ.

ಕಣ್ಣಿನ ಒತ್ತಡವನ್ನಷ್ಟೇ ಅಳೆಸಿಕೊಂಡು ಬರಬೇಡಿ. ಅದು 10ರಿಂದ 21 ಮಿಲಿಮೀಟರ್ ಪಾದರಸದೊಳಗಿದ್ದರೆ ಸಹಜ ಎನ್ನುತ್ತೇವೆ, ಆದರೆ ಆ ಮಿತಿಯೊಳಗಿದ್ದೂ ದೃಷ್ಟಿನರ ಹಾಳಾದವರಿದ್ದಾರೆ. ದೃಷ್ಟಿನರವನ್ನು ನೋಡಬೇಕು, ಕಣ್ಣಿನೊಳಗಿನ ದ್ರವ ಹೊರಹೋಗುವ ಕೋನ ತೆರೆದಿದೆಯೇ ಎಂದು ತಿಳಿಯಲು ಗೋನಿಯೋಸ್ಕೋಪಿ ಎಂಬ ಪರೀಕ್ಷೆ ಮಾಡಬೇಕು, ಫೀಲ್ಡ್ ಟೆಸ್ಟ್ ಮಾಡಿಸಬೇಕು. ಆ ಟೆಸ್ಟ್‌ನಲ್ಲಿ ಗದ್ದವನ್ನು ಊರಿ, ನಡುವಿನ ದೀಪವನ್ನೇ ನೋಡುತ್ತಾ, ಬದಿಯಲ್ಲಿ ಬೆಳಕು ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ಮಿನುಗಿದ ಕಡೆಗೆಲ್ಲ ಕಣ್ಣು ಓಡಿಸಿ ವರದಿ ಕೆಡಿಸಿಕೊಳ್ಳುವವರೇ ಹೆಚ್ಚು. ನೇರ ನೋಡುತ್ತಾ ಬದಿಯನ್ನು ಗಮನಿಸುವ ರೂಢಿ ನಿಮಗೆ ಆಗಲೇ ಇರುವುದರಿಂದ ಅದು ನಿಮಗೆ ಕಷ್ಟವಾಗದು.

ಇದೆಲ್ಲದರ ನಡುವೆ ಎಂದಾದರೂ ಬದಿಯಲ್ಲಿ ಮಿಂಚು ಹೊಡೆದಂತಾದರೆ, ಹೊಸ ಕಪ್ಪು ಚುಕ್ಕಿಗಳು ಒಮ್ಮೆಲೇ ತೇಲಿಬಂದರೆ, ಒಂದು ಕಡೆಯಿಂದ ಪರದೆ ಎಳೆದಂತೆ ಕಂಡರೆ ಅಂದೇ ಕಣ್ಣಾಸ್ಪತ್ರೆಗೆ ಹೋಗಿ, ಅದು ಅಕ್ಷಿಪಟಲ ಕಳಚುತ್ತಿರುವ ಲಕ್ಷಣವಿರಬಹುದು. ಗ್ಲಾಕೋಮಾ ತಪಾಸಣೆಗೆ ಅಷ್ಟು ಧಾವಂತ ಬೇಡ, ಆದರೂ ಆಡಿಟ್ ಮುಗಿಯಲಿ ಎಂದು ಮುಂದೂಡಬೇಡಿ, ಈ ತಿಂಗಳೇ ಒಂದು ದಿನ ರಜೆ ಹಾಕಿ. ಅಣ್ಣ ತಮ್ಮ, ಅಕ್ಕ ತಂಗಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ತಂದೆಯವರ ಹಳೆಯ ಫೀಲ್ಡ್ ಟೆಸ್ಟ್ ಹಾಳೆಗಳು ಮನೆಯಲ್ಲಿದ್ದರೆ ಜೊತೆಗೆ ಒಯ್ಯಿರಿ, ಅವರಿಗೆ ಯಾವ ಬಗೆಯ ಗ್ಲಾಕೋಮಾ, ಯಾವ ವಯಸ್ಸಿನಲ್ಲಿ ಕಾಣಿಸಿಕೊಂಡಿತು ಎಂಬುದು ವೈದ್ಯರಿಗೆ ಬೇಕಾಗುತ್ತದೆ.